ಏಳನೇ ಆಮ್ಲಜನಕ

ಕಳೆದ ತಿಂಗಳು ಅಪ್ಪನನ್ನು ಎಂ.ಆರ್.ಐ. ಸ್ಕ್ಯಾನಿಗೆ ಕರೆದುಕೊಂಡು ಹೋಗಿದ್ದೆ. ಅರ್ಧ ಗಂಟೆ ಆ ಢಣಢಣ ಸದ್ದಿನಲ್ಲಿ ಮಲಗಿದ್ದು ಹೊರಬಂದವರು ಕೇಳಿದ ಮೊದಲ ಪ್ರಶ್ನೆ, “ಅದರೊಳಗೆ ಏನಿದೆಯೋ?” ಬಿಲ್ ನೋಡಿದ ಮೇಲೆ ಎರಡನೆಯದು, “ಇಷ್ಟೊಂದು ಯಾಕೋ?” ಟ್ಯಾಕ್ಸಿಯಲ್ಲಿ ನಾನು ಕೊಟ್ಟ ಉತ್ತರ ಅವರಿಗೆ ಸಾಲಲಿಲ್ಲ. ಈ ಸಲದ ಅಂಕಣ ಅದರ ಬಾಕಿ ಭಾಗ.

ಒಳಗಿರುವುದು ನಿಯೋಬಿಯಂ-ಟೈಟಾನಿಯಂ ತಂತಿಯ ದೊಡ್ಡ ಸುರುಳಿ. ಅದನ್ನು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂನಿಂದ ತಣ್ಣಗಿಟ್ಟಾಗ ವಿದ್ಯುತ್ತಿಗೆ ಅಡ್ಡಿಯೇ ಇರುವುದಿಲ್ಲ. ಒಮ್ಮೆ ಬಿಟ್ಟ ಕರೆಂಟು ಸುತ್ತುತ್ತಲೇ ಇರುತ್ತದೆ. ಇದೇ ಸೂಪರ್‌ಕಂಡಕ್ಟರ್, ಕನ್ನಡದಲ್ಲಿ ಅತಿವಾಹಕ. ಹೀಲಿಯಂ ದುಬಾರಿ, ಹೊರದೇಶದಿಂದ ಬರಬೇಕು. ಆದರೆ ಸುಮಾರು ಮೈನಸ್ 180 ಡಿಗ್ರಿಯಲ್ಲೇ ಅತಿವಾಹಕವಾಗುವ ವಸ್ತು 1987ರಲ್ಲೇ ಸಿಕ್ಕಿದೆ. ಅದಕ್ಕೆ ಗಾಳಿಯಿಂದಲೇ ತಯಾರಾಗುವ, ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಸಾಕು. ಮತ್ತೆ ಅಪ್ಪ ಮಲಗಿದ ಯಂತ್ರದಲ್ಲಿ ಅದು ಯಾಕಿಲ್ಲ? ಉತ್ತರ ಆ ವಸ್ತುವಿನ ಹರಳಿನ ರಚನೆಯಲ್ಲಿದೆ. ಆ ಕತೆಯ ಒಂದು ಭಾಗ ನಮ್ಮ ಬೆಂಗಳೂರಿನದು.

1986ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದ ಬೆಡ್ನೋರ್ಜ್ ಮತ್ತು ಮ್ಯುಲ್ಲರ್, ಲ್ಯಾಂಥನಮ್, ಬೇರಿಯಂ, ತಾಮ್ರಗಳ ಆಕ್ಸೈಡಿನಲ್ಲಿ ಅತಿವಾಹಕತೆ ಕಂಡರು. ಪಿಂಗಾಣಿಯ ಜಾತಿಯ ವಸ್ತುವಿನಲ್ಲಿ ಇಂಥದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಮರುವರ್ಷವೇ ನೊಬೆಲ್ ಬಂತು. 1987ರ ಆರಂಭದಲ್ಲಿ ಅಮೆರಿಕದ ಪಾಲ್ ಚು, ಮೌ-ಕುಯೆನ್ ವು ತಂಡಗಳು ಲ್ಯಾಂಥನಮ್ ಬದಲು ಇಟ್ರಿಯಂ ಹಾಕಿ ಮೈನಸ್ 180 ಮುಟ್ಟಿದವು. ತೊಂದರೆ ಒಂದೇ: ಅವರ ತುಣುಕು ಕಪ್ಪು, ಹಸಿರು ವಸ್ತುಗಳ ಮಿಶ್ರಣ. ಕೆಲಸ ಮಾಡುತ್ತಿದ್ದುದು ಯಾವುದು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಗ ಸಿ.ಎನ್.ಆರ್. ರಾವ್ ನಿರ್ದೇಶಕರು. ಪದರ ಪದರವಾಗಿರುವ ಲೋಹದ ಆಕ್ಸೈಡುಗಳ ಮೇಲೆ ಅವರ ಗುಂಪು ವರ್ಷಗಳಿಂದ ಕೆಲಸ ಮಾಡುತ್ತಿತ್ತು. ಜ್ಯೂರಿಕ್‌ನ ಹರಳು ಸೇರಿದ್ದ ಕುಟುಂಬದ ಬಗ್ಗೆಯೇ ರಾವ್ ಮತ್ತು ಪಿ. ಗಂಗೂಲಿ 1984ರಲ್ಲಿ ಬರೆದಿದ್ದರು. ಅತಿವಾಹಕತೆಯ ಆಸೆಯಿಂದ ಮಾಡಿದ ಕೆಲಸವಲ್ಲ ಅದು. ಹಾಗಾಗಿ ಸುದ್ದಿ ಬಂದಾಗ ಅವರಿಗೆ ಮನೆಯ ನಕ್ಷೆ ಮೊದಲೇ ಗೊತ್ತಿತ್ತು. ಕೆಲಸ ಮಾಡುವುದು ಕಪ್ಪು ಹರಳು, ಅದರ ಲೆಕ್ಕ ಇಟ್ರಿಯಂ 1, ಬೇರಿಯಂ 2, ತಾಮ್ರ 3 ಎಂಬ ಅವರ ವರದಿ 1987ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬಂತು. ಬೇರೆ ದೇಶಗಳ ಒಂದೆರಡು ಪ್ರಯೋಗಾಲಯಗಳೂ ಅದೇ ಹೊತ್ತಿಗೆ ಅದೇ ಉತ್ತರ ತಲುಪಿದ್ದವು.

ಈ ಹರಳನ್ನು ಮೂರು ಮಹಡಿಯ ಕಟ್ಟಡವೆಂದುಕೊಳ್ಳಿ. ಮಧ್ಯದ ಮಹಡಿಯಲ್ಲಿ ಇಟ್ರಿಯಂ, ಮೇಲೆ ಕೆಳಗೆ ಬೇರಿಯಂ. ಕಂಬ ಮತ್ತು ತೊಲೆ ಕೂಡುವಲ್ಲೆಲ್ಲ ತಾಮ್ರ; ಪ್ರತಿ ಕಂಬ, ತೊಲೆಯ ನಡುವೆ ಆಮ್ಲಜನಕಕ್ಕೆ ಜಾಗ. ಅಕ್ಕಪಕ್ಕದ ಕಟ್ಟಡಗಳ ಜತೆ ಹಂಚಿಕೊಂಡ ಮೇಲೆ ಒಂದು ಕಟ್ಟಡದ ಪಾಲಿಗೆ 9 ಜಾಗ. ಆದರೆ ಇರುವುದು 7. ಇಟ್ರಿಯಂ ಮಹಡಿಯ ಕಂಬಗಳು ಖಾಲಿ. ಅದರ ಮೇಲೆ ಕೆಳಗೆ ತಾಮ್ರ-ಆಮ್ಲಜನಕದ ಎರಡು ಪೂರ್ಣ ಹಾಳೆಗಳು. ಕರೆಂಟು ಹರಿಯುವುದು ಮುಖ್ಯವಾಗಿ ಅಲ್ಲೇ. ಕಟ್ಟಡದ ತಳದಲ್ಲಿ ಒಂದೇ ದಿಕ್ಕಿನ ತೊಲೆಗಳಲ್ಲಿ ಮಾತ್ರ ಆಮ್ಲಜನಕವಿದ್ದು, ಅದು ಸರಪಳಿಯಂತೆ ಸಾಗುತ್ತದೆ.

ಆ ಸರಪಳಿಯದೇ ಏಳನೇ ಆಮ್ಲಜನಕ. ಬಿಸಿ ಮಾಡಿ ಅದನ್ನು ಹೊರಹಾಕಿದರೆ, ಅದೇ ಇಟ್ರಿಯಂ, ಅದೇ ತಾಮ್ರ ಇದ್ದರೂ ಹರಳು ಅವಾಹಕವಾಗುತ್ತದೆ. ಯಾಕೆ? ಸಂಜೆ ಆರೂವರೆಯ ಫಾಸ್ಟ್ ಲೋಕಲ್ ನೆನಪಿಸಿಕೊಳ್ಳಿ. ಡಬ್ಬಿ ಕಿಕ್ಕಿರಿದಿರುವಾಗ ಬಾಗಿಲ ಕಡೆ ಒಂದು ಹೆಜ್ಜೆ ಇಡಲಾಗುವುದಿಲ್ಲ. ದಾದರಿನಲ್ಲಿ ನಾಲ್ಕು ಜನ ಇಳಿದರೆ ಉಳಿದವರು ಸರಿಯಬಹುದು. ತಾಮ್ರದ ಹಾಳೆಯಲ್ಲಿ ಎಲೆಕ್ಟ್ರಾನುಗಳದ್ದೂ ಅದೇ ಪಾಡು. ಸರಪಳಿಯ ಆಮ್ಲಜನಕ ಹಾಳೆಯಿಂದ ಕೆಲವು ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಂಡು ಜಾಗ ಮಾಡಿಕೊಡುತ್ತದೆ. ಅದಕ್ಕೇ ಈ ಹರಳನ್ನು ಒಂಬೈನೂರು ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟ ಮೇಲೆ ಆಮ್ಲಜನಕದಲ್ಲಿ ನಿಧಾನವಾಗಿ ತಣಿಸುತ್ತಾರೆ. ಅವಸರ ಮಾಡಿದರೆ ಏಳನೆಯದು ಒಳಗೆ ಸೇರುವುದಿಲ್ಲ.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಕರೆಂಟು ಹಾಳೆಯ ಉದ್ದಕ್ಕೆ ಸಲೀಸಾಗಿ ಹೋಗುತ್ತದೆ, ಹಾಳೆಯಿಂದ ಹಾಳೆಗೆ ಕಷ್ಟ. ತಂತಿಯಲ್ಲಿ ಇರುವುದು ಒಂದು ಹರಳಲ್ಲ, ಲೆಕ್ಕವಿಲ್ಲದಷ್ಟು ಹರಳುಗಳು. ಪಕ್ಕದ ಎರಡು ಹರಳುಗಳ ನಡುವಿನ ಓರೆ ಹತ್ತು ಡಿಗ್ರಿ ದಾಟಿದರೆ ಹರಿಯಬಲ್ಲ ಕರೆಂಟು ತೀರಾ ಇಳಿಯುತ್ತದೆ. ಮೇಲಾಗಿ ಇದು ಪಿಂಗಾಣಿ. ಲೋಹದ ಹಾಗೆ ಎಳೆದು ಸುರುಳಿ ಸುತ್ತಿದರೆ ಒಡೆಯುತ್ತದೆ. ಹಾಗಾಗಿ ಲೋಹದ ತೆಳು ಪಟ್ಟಿಯ ಮೇಲೆ, ಕೂದಲಿಗಿಂತ ಎಷ್ಟೋ ತೆಳುವಾದ ಪದರವಾಗಿ, ಎಲ್ಲ ಹರಳುಗಳೂ ಒಂದೇ ಕಡೆ ಮುಖ ಮಾಡುವಂತೆ ಬೆಳೆಸಬೇಕು. ಅಂಥ ಪಟ್ಟಿಗಳು ಇಂದು ಮಾರುಕಟ್ಟೆಯಲ್ಲಿವೆ. ಆದರೆ ಉದ್ದಕ್ಕೂ ದೋಷವಿಲ್ಲದ ಹಾಗೆ ಬೆಳೆಸುವುದು ದುಬಾರಿ ಕೆಲಸ. ಸುಲಭವಾಗಿ ಎಳೆಯಬಹುದಾದ ನಿಯೋಬಿಯಂ-ಟೈಟಾನಿಯಂ, ದುಬಾರಿ ಹೀಲಿಯಂ ಸೇರಿಸಿದರೂ ಇನ್ನೂ ಗೆಲ್ಲುತ್ತಿದೆ.

1993ರಲ್ಲಿ ಪಾದರಸ ಸೇರಿದ, ಮೂರು ತಾಮ್ರದ ಹಾಳೆಗಳ ಹರಳು ಮೈನಸ್ 140ರ ಹತ್ತಿರ ಬಂತು. ಹಾಳೆ ನಾಲ್ಕಾದರೆ ಮತ್ತೆ ಇಳಿಯುತ್ತದೆ. 1994ರಲ್ಲಿ ನಮ್ಮ ಕೊಲಾಬಾದ ಟಿಐಎಫ್‌ಆರ್‌ನಲ್ಲಿ ಆರ್. ನಾಗರಾಜನ್ ಮತ್ತು ಸಂಗಡಿಗರು ಇಟ್ರಿಯಂ, ನಿಕಲ್, ಬೋರಾನ್, ಕಾರ್ಬನ್ ಕೂಡಿದ ಬೇರೆಯದೇ ಅತಿವಾಹಕ ಕುಟುಂಬವೊಂದನ್ನು ಕಂಡರು. ಅದೂ ಪದರಗಳದ್ದೇ. ತಾಮ್ರದ ಹಾಳೆಗಳಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗುವುದು ಹೇಗೆಂಬ ಬಗ್ಗೆ ಮಾತ್ರ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ನಮ್ಮ ಆಫೀಸಿನಲ್ಲಿ ಯಾವ ಹೊಸ ಕೆಲಸಕ್ಕೂ ಮೊದಲ ಪ್ರಶ್ನೆ “ಈ ಕ್ವಾರ್ಟರಿನಲ್ಲಿ ಏನು ಸಿಗುತ್ತದೆ?” 1984ರಲ್ಲಿ ರಾವ್ ಅವರ ಗುಂಪನ್ನು ಹಾಗೆ ಕೇಳಿದ್ದರೆ ಅವರ ಬಳಿ ಉತ್ತರ ಇರುತ್ತಿರಲಿಲ್ಲ. ಮೂರು ವರ್ಷದ ನಂತರ ಇಡೀ ಜಗತ್ತು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಅದೇ ಕೆಲಸ ನೆರವಾಯಿತು.

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಕೇಳಿ ಅವರು ಅಂದದ್ದು: “ಸರಿ, ಮುಂದಿನ ಸ್ಕ್ಯಾನಿಗಾದರೂ ಆ ಪಟ್ಟಿ ಅಗ್ಗವಾಗತ್ತೇನೋ?” ಮುಂದಿನದು ಆರು ತಿಂಗಳಿಗೆ. ಅಷ್ಟರಲ್ಲಿ ಆಗದು ಎಂದೆ.