ಬೆದರಿಕೆಗೆ ಬಗ್ಗಿ ಹಕ್ಕು ಬಿಡಬೇಡಿ



ಈ ಸಲ ಒಡಹುಟ್ಟಿದವರ ಮುಂದೆಯೂ ಆಡಲು ಹಿಂಜರಿಯುವ ಒಂದು ವಿಷಯ. ಗಂಡ-ಹೆಂಡಿರು ಚೆನ್ನಾಗಿದ್ದಾಗ ಮೊಬೈಲಿನಲ್ಲಿ ತೆಗೆದ ಖಾಸಗಿ ಫೋಟೊಗಳು, ವಿಚ್ಛೇದನದ ಮಾತು ಬಂದಾಗ ಬೆದರಿಸುವ ಆಯುಧವಾಗುತ್ತವೆ. “ಜೀವನಾಂಶ ಕೇಳಿ ನೋಡು, ನಿಮ್ಮಪ್ಪನಿಗೇ ಕಳಿಸ್ತೀನಿ” ಎಂಬ ಒಂದು ಮಾತಿಗೆ ಹೆದರಿ, ತವರಿನ ಒಡವೆಯನ್ನೂ ಬಿಟ್ಟು, ತೋರಿಸಿದ ಕಡೆ ರುಜು ಹಾಕಿಬಿಡಬೇಡಿ.

“ನಾನೇ ಒಪ್ಪಿ ತೆಗೆಸಿಕೊಂಡದ್ದಲ್ವಾ, ಈಗ ಯಾವ ಮುಖ ಹೊತ್ತು ದೂರು ಕೊಡಲಿ?” ಎನ್ನುವಿರಾ? ಕಾನೂನು ಹಾಗೆನ್ನುವುದಿಲ್ಲ. ತೆಗೆಯಲು ಒಪ್ಪಿದ್ದು ಬೇರೆ, ಹಂಚಲು ಒಪ್ಪುವುದು ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದನ್ನು ಬಿಡಿಸಿಯೇ ಹೇಳುತ್ತದೆ. ಮೊದಲ ಸಲದ ತಪ್ಪಿಗೆ 1ರಿಂದ 3 ವರ್ಷ ಸೆರೆವಾಸ, ಜೊತೆಗೆ ದಂಡ. ಹಂಚುವವರೆಗೂ ಕಾಯಬೇಕಿಲ್ಲ, ಮಾನ ಕಳೆಯುತ್ತೇನೆಂದು ಬೆದರಿಸಿ ನಿಮ್ಮ ಹಕ್ಕನ್ನು ಬಿಡಿಸಲು ನೋಡುವುದೇ 351ನೇ ಕಲಮಿನಂತೆ ಅಪರಾಧ.

ಇನ್ನು ನೀವು ಮಾಡಬೇಕಾದದ್ದು. ಫೋಟೊ ಫೋನಿನಲ್ಲಷ್ಟೇ ಇರುತ್ತದೆ ಎಂದುಕೊಳ್ಳಬೇಡಿ. ಗೂಗಲ್ ಖಾತೆಯಲ್ಲೂ ನಕಲು ಉಳಿದಿರಬಹುದು. ಆ ಖಾತೆ ತೆರೆದುಕೊಟ್ಟವರು ಯಜಮಾನರೇ ಆದರೆ ಪಾಸ್‌ವರ್ಡ್ ಅವರಿಗೂ ಗೊತ್ತು ತಾನೇ? ಅದನ್ನು ಬದಲಾಯಿಸಿ. ಅದರಲ್ಲಿ ಅವರ ಫೋನ್ ನಂಬರ್ ಇದ್ದರೆ ತೆಗೆದು ನಿಮ್ಮದನ್ನು ಹಾಕಿ. ನಿಮ್ಮ ವಾಟ್ಸಾಪ್ ಬೇರೆ ಯಾವ ಯಂತ್ರದಲ್ಲಿ ತೆರೆದಿದೆ ಎಂದು ‘ಲಿಂಕ್ಡ್ ಡಿವೈಸಸ್’ನಲ್ಲಿ ನೋಡಿ. ಒಂದೇ ಮನೆಯಲ್ಲಿದ್ದು, ಇದರಿಂದ ಕೈಮಾಡಿಯಾರು ಎಂಬ ಭಯವಿದ್ದರೆ, ಮೊದಲು 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ.

ಬೆದರಿಕೆಯ ಸಂದೇಶಗಳನ್ನು ಸಿಟ್ಟಿಗೋ ನಾಚಿಕೆಗೋ ಅಳಿಸಬೇಡಿ. ತಾರೀಖು, ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅವೇ ನಿಮ್ಮ ಸಾಕ್ಷಿ.

‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಸೇವೆಯೂ ಉಂಟು. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಗುರುತಿನ ಸಂಕೇತವಷ್ಟೇ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಕಡೆ ಅದೇ ಚಿತ್ರ ಬಂದರೆ ಹಿಡಿದು ತಡೆಯಲು ಅದು ನೆರವಾಗುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲವೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ವರಮಾನ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ವಕೀಲರ ಹತ್ತಿರ ಫೋಟೊ ವಿಷಯ ಮುಚ್ಚಿಡಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ ಕೇಳಬಹುದು. ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ, ಚಿತ್ರಗಳನ್ನೆಲ್ಲ ಅಳಿಸಬೇಕು, ಯಾರಿಗೂ ತೋರಿಸಕೂಡದು ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿ. ಕೋರ್ಟಿನಲ್ಲಿ ಹತ್ತು ಜನರ ಮುಂದೆ ಹೇಗೆ ಹೇಳಲಿ ಎಂಬ ಅಳುಕೂ ಬೇಡ. ಕುಟುಂಬ ನ್ಯಾಯಾಲಯದಲ್ಲಿ ಇಬ್ಬರಲ್ಲಿ ಒಬ್ಬರು ಕೇಳಿಕೊಂಡರೂ ಸಾಕು, 1984ರ ಕಾಯ್ದೆಯಂತೆ ವಿಚಾರಣೆಯನ್ನು ಗುಟ್ಟಾಗಿಯೇ ನಡೆಸಬೇಕು.

ಕಡೆಯದಾಗಿ, ಅಮ್ಮಂದಿರಿಗೆ ಒಂದು ಮಾತು. ಮಗಳು ಇಂಥದ್ದನ್ನು ಬಾಯಿಬಿಟ್ಟು ಹೇಳಿಕೊಂಡರೆ “ಯಾಕೆ ತೆಗೆಸಿಕೊಂಡೆ?” ಎಂದು ಬಯ್ಯಬೇಡಿ. ಮನೆಯವರಿಗೆ ತಿಳಿದೀತೆಂಬ ಅವಳ ಭಯವೇ ಬೆದರಿಸುವವನ ಬಲ. ನೀವು ಅವಳ ಜೊತೆ ಠಾಣೆಗೆ ಹೊರಟು ನಿಂತರೆ, ಆ ಬಲ ಅರ್ಧ ಅಲ್ಲೇ ಉಡುಗುತ್ತದೆ.