ಕೆಮ್ಮಿಗೆ ಎರಡು ಮದ್ದು

ದೇವರ ಸೃಷ್ಟಿಯ ಎರಡು ಜೀವಿಗಳನ್ನು ಈ ಸಲ ಅಕ್ಕಪಕ್ಕ ಇಟ್ಟು ನೋಡೋಣ. ಒಂದು, ಮೆಕ್ಸಿಕೋದ ಪಾಟ್ಸ್‌ಕ್ವಾರೊ ಸರೋವರದ ಅಚೋಕೆ. ನೋಡಲು ಹಲ್ಲಿಯಂತೆ, ಆದರೆ ಕಪ್ಪೆಯ ನೆಂಟ. ಬದುಕೆಲ್ಲ ನೀರಿನಲ್ಲೇ ಕಳೆಯುವ ಸಾಲಮಾಂಡರ್. ಇನ್ನೊಂದು, ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ. ಮೊದಲ ಮಳೆಗೆ ಮಣ್ಣು ಘಮಘಮಿಸುವುದು ಹೆಚ್ಚಾಗಿ ಇದರಿಂದಲೇ.

ಎರಡೂ ಕೆಮ್ಮುವವರಿಗೆ ಮದ್ದಾದವು. 1943ರಲ್ಲಿ ಅಮೆರಿಕದ ಸೆಲ್ಮನ್ ವಾಕ್ಸ್‌ಮನ್‌ರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಷಾಟ್ಜ್ ಈ ಬ್ಯಾಕ್ಟೀರಿಯಾದಿಂದ ಸ್ಟ್ರೆಪ್ಟೊಮೈಸಿನ್ ಪಡೆದರು. ಕ್ಷಯರೋಗಕ್ಕೆ ನಾಟಿದ ಮೊದಲ ಆಂಟಿಬಯಾಟಿಕ್ ಅದು. ಪಾಟ್ಸ್‌ಕ್ವಾರೊ ಕನ್ಯಾಮಠದ ದೊಮಿನಿಕನ್ ಸಿಸ್ಟರುಗಳು ಅಚೋಕೆಯಿಂದ ಕೆಮ್ಮಿನ ಸಿರಪ್ ಮಾಡಿದರು. ಅದು ಆ ನಾಡಿನವರು ನಂಬಿ ಬಂದ ಮದ್ದು.

ಆದರೆ ಬ್ಯಾಕ್ಟೀರಿಯಾ ಕಾರ್ಖಾನೆಯ ತೊಟ್ಟಿಯಲ್ಲಿ ಬೇಕಾದಷ್ಟು ಬೆಳೆಯುತ್ತದೆ, ಅಚೋಕೆ ಹಾಗಲ್ಲ. ಸಹಜವಾಗಿ ಅದು ಇರುವುದು ಆ ಒಂದೇ ಸರೋವರದಲ್ಲಿ. ನೀರು ಕೆಟ್ಟಿತು, ಹೊರಗಿನ ಮೀನುಗಳು ಸೇರಿದವು, ಅಚೋಕೆ ಅಳಿವಿನಂಚಿಗೆ ಬಂತು. ಆಗ ಸಿಸ್ಟರುಗಳು ಮಠದೊಳಗೇ ಅದನ್ನು ಸಾಕತೊಡಗಿದರು. ಮದ್ದಿಗಾಗಿ ಸಾಕಿದ ಆ ಸಂತತಿಯೇ ಇಂದು ಇಡೀ ಕುಲದ ಉಳಿವಿಗೆ ಆಸರೆಯಾಗಿದೆ.

ಪ್ರಿಯ ಓದುಗರೇ, ಬಳಸುವ ಕೈಯೇ ಕಾಯುವ ಕೈಯೂ ಆಗಬೇಕು. ನಮ್ಮ ಬಾವಿಗೂ, ಹೊಲದ ಮಣ್ಣಿಗೂ ಈ ಮಾತು ಸಲ್ಲುತ್ತದೆ.