ಊಟದ ಲೆಕ್ಕ, ಗುಳಿಗೆಯ ಲೆಕ್ಕ

ಮನೆಯ ಆಯವ್ಯಯವನ್ನು ಬರೆದಿಡುವ ಗೃಹಸ್ಥರು ನಮ್ಮಲ್ಲಿ ಅನೇಕರುಂಟು. ತಿಂಗಳಿಗೆ ರಾಗಿ ಎಷ್ಟು ಬಂದಿತು, ಎಣ್ಣೆಗೆ ಎಷ್ಟು ಹಣ ಹೋಯಿತು ಎಂಬುದನ್ನು ಅವರು ಕಾಸು ತಪ್ಪದಂತೆ ಹೇಳಬಲ್ಲರು. ಆದರೆ ಆ ರಾಗಿಯಿಂದ ಮನೆಯಲ್ಲಿ ಯಾರ ಮೈಗೆ ಎಷ್ಟು ಜೀವಸತ್ತ್ವ, ಎಷ್ಟು ಖನಿಜ ಸೇರಿತೆಂದು ಕೇಳಿದರೆ ಉತ್ತರ ದೊರೆಯದು. ಒಂದು ಮನೆಯ ಲೆಕ್ಕವೇ ಇಷ್ಟು ಕಠಿಣವಾದರೆ ಒಂದು ನಾಡಿನ ಲೆಕ್ಕವನ್ನು ತೆಗೆಯುವುದು ಹೇಗೆ? ಈ ತಿಂಗಳು ಆ ವಿಷಯವನ್ನು ವಾಚಕರ ಮುಂದಿಡುತ್ತೇವೆ.

ಈ ಕಾರ್ಯ ನಮ್ಮ ದೇಶಕ್ಕೆ ಹೊಸತಲ್ಲ. 1918ರಲ್ಲಿ ಕೂನೂರಿನಲ್ಲಿ ಮೆಕ್ಯಾರಿಸನ್ನರು ಆರಂಭಿಸಿದ ಆಹಾರ ಸಂಶೋಧನೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಈ ಸಂಸ್ಥೆಯ ಆಶ್ರಯದಲ್ಲಿ 1972ರಲ್ಲಿ ಸ್ಥಾಪಿತವಾದ ಪೋಷಣ ಪರಿವೀಕ್ಷಣ ವಿಭಾಗವು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಹಳ್ಳಿಗಳಲ್ಲಿ ಮನೆಮನೆಯ ಊಟವನ್ನು ಅನೇಕ ವರ್ಷ ಅಳೆಯಿತು. ಯಾವ ಧಾನ್ಯದಲ್ಲಿ, ಯಾವ ಸೊಪ್ಪಿನಲ್ಲಿ ಏನೇನು ಎಷ್ಟೆಷ್ಟು ಇದೆಯೆಂಬ ಕೋಷ್ಟಕವನ್ನೂ ಸಂಸ್ಥೆಯು ಸಿದ್ಧಪಡಿಸಿದೆ. 2017ರ ಕೋಷ್ಟಕದಲ್ಲಿ 528 ಆಹಾರಪದಾರ್ಥಗಳ ವಿವರವುಂಟು.

ಅಳೆಯುವ ಕ್ರಮ ಹೀಗೆ. ನಂಜನಗೂಡಿನ ಕಡೆ ಬಿಳಿಗೆರೆಯಲ್ಲಿ ಐದು ಮಂದಿಯ ಒಂದು ಮನೆಯಿದೆ ಎಂದಿಟ್ಟುಕೊಳ್ಳೋಣ. ಅಳತೆಗಾರರು ಬಂದು, ಹಿಂದಿನ ದಿನ ಏನೇನು ಬೇಯಿಸಿದಿರಿ, ಹಸಿಯ ಪದಾರ್ಥ ಎಷ್ಟು ಹಾಕಿದಿರಿ, ಯಾರು ಎಷ್ಟು ಉಂಡರು ಎಂದು ವಿಚಾರಿಸುತ್ತಾರೆ. ನೆನಪಿಗೆ ಸಹಾಯವಾಗಲೆಂದು ಗೊತ್ತಾದ ಅಳತೆಯ ಬಟ್ಟಲುಗಳನ್ನು ಮುಂದಿಡುತ್ತಾರೆ. 800 ಗ್ರಾಂ ರಾಗಿಹಿಟ್ಟಿನಿಂದ ಎಂಟು ಮುದ್ದೆಗಳಾದವೆನ್ನೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇರುವುದು. ಮನೆಯ ಒಟ್ಟನ್ನು ಐದರಿಂದ ಭಾಗಿಸಿದರೆ ತಲೆಗೆ 582 ಮಿಲಿಗ್ರಾಂ ಬರುತ್ತದೆ. ಲೆಕ್ಕ ಸರಿ, ಆದರೆ ಊಟ ಹಾಗೆ ನಡೆಯಲಿಲ್ಲ. ಯಜಮಾನರು ಮೂರು ಮುದ್ದೆ ಉಂಡರು, ದೊಡ್ಡ ಮಗ ಎರಡು, ಅತ್ತೆಯವರೂ ಮಗಳೂ ಒಂದೊಂದು. ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತ ಗೃಹಿಣಿಗೆ ಉಳಿದುದು ಒಂದೇ. ಆಕೆಗೆ ರಾಗಿಯಿಂದ ದೊರೆತುದು 364 ಮಿಲಿಗ್ರಾಂ ಮಾತ್ರ. ಸರಾಸರಿಯ ನೆರಳಿನಲ್ಲಿ ಆಕೆಯ ಕೊರತೆ ಮರೆಯಾಗಿಬಿಡುತ್ತದೆ. ಆದುದರಿಂದಲೇ ಮನೆಯನ್ನಲ್ಲ, ಒಬ್ಬೊಬ್ಬರ ತಟ್ಟೆಯನ್ನು ಅಳೆಯಬೇಕು.

ಒಂದು ದಿನದ ಊಟವೂ ಸಾಲದು. ಹಬ್ಬದ ದಿನ ಹಾಲು ತುಪ್ಪಗಳು ಹೆಚ್ಚು, ಸಂತೆಯ ಮುನ್ನಾದಿನ ತರಕಾರಿ ಕಡಮೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಸೊಪ್ಪು ಧಾರಾಳ, ಬೇಸಿಗೆಯಲ್ಲಿ ವಿರಳ. ಹಲವು ದಿನ, ಹಲವು ಕಾಲ ಕೇಳಿದಲ್ಲದೆ ಜನರ ನಿತ್ಯದ ಆಹಾರ ಗೊತ್ತಾಗದು.

ಇನ್ನು ಗುಳಿಗೆಯ ಮಾತು. ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವುಳ್ಳ ಗುಳಿಗೆಯನ್ನು 180 ದಿನ ಕೊಡಬೇಕೆಂದು ಸರ್ಕಾರದ ನಿಯಮವುಂಟು. ಪುಸ್ತಕದಲ್ಲಿ ಬರೆದಿರುವುದು ಕೊಟ್ಟ ಗುಳಿಗೆಯ ಲೆಕ್ಕ. ಮೈಗೆ ಸೇರುವುದು ನುಂಗಿದ ಗುಳಿಗೆ. ಹೊಟ್ಟೆ ತೊಳಸುವುದೆಂದು ಗೂಡಿನಲ್ಲಿ ಇಟ್ಟು ಮರೆತ ಗುಳಿಗೆಗಳು ಎಷ್ಟಿಲ್ಲ! ಅತ್ತ ಅಂಗಡಿಯಿಂದ ತಾವೇ ಕೊಂಡು ಕುಡಿಯುವ ಟಾನಿಕ್ಕು ಯಾವ ಪುಸ್ತಕದಲ್ಲಿಯೂ ಬರುವುದಿಲ್ಲ. ಕೊರತೆಯಂತೆಯೇ ಅತಿಯೂ ಕೆಡುಕು. ಎ ಜೀವಸತ್ತ್ವವಂತೂ ಮಿತಿಮೀರಿದರೆ ಗರ್ಭಸ್ಥ ಶಿಶುವಿಗೆ ಅಪಾಯಕರ. ಆದಕಾರಣ ಊಟ, ಗುಳಿಗೆ, ಟಾನಿಕ್ಕು ಮೂರನ್ನೂ ಕೂಡಿಯೇ ಲೆಕ್ಕ ಹಾಕತಕ್ಕದ್ದು.

ಇಷ್ಟಾದರೂ ತಟ್ಟೆಯ ಲೆಕ್ಕಕ್ಕೆ ರಕ್ತದ ಸಾಕ್ಷ್ಯ ಬೇಕು. ಇದಕ್ಕೆ ನಮ್ಮ ಮೈಸೂರಿನಲ್ಲಿಯೇ ಉದಾಹರಣೆಯಿದೆ. 1997–98ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ ಬಂದ ಗರ್ಭಿಣಿಯರ ಪೈಕಿ 785 ಮಂದಿಯ ರಕ್ತವನ್ನು ಪರೀಕ್ಷಿಸಿ, 2009ರಲ್ಲಿ ಪ್ರಕಟಿಸಿದ ವರದಿಯಂತೆ, ಫೋಲೇಟಿನ ಕೊರತೆಯಿದ್ದವರು ನೂರಕ್ಕೆ 4 ಮಂದಿ ಮಾತ್ರ. ಬಿ-12 ಜೀವಸತ್ತ್ವದ ಕೊರತೆಯಿದ್ದವರು ನೂರಕ್ಕೆ 43 ಮಂದಿ. ಬಿ-12 ಕಡಮೆಯಿದ್ದವರಲ್ಲಿ ಗರ್ಭಕಾಲದ ಸಕ್ಕರೆ ರೋಗವೂ ಹೆಚ್ಚಾಗಿ ಕಂಡುಬಂದಿತು. ಫೋಲೇಟು ಸೊಪ್ಪು ಬೇಳೆಗಳಲ್ಲಿಯೂ ಮೇಲೆ ಹೇಳಿದ ಗುಳಿಗೆಯಲ್ಲಿಯೂ ಉಂಟು. ಬಿ-12 ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ಬರತಕ್ಕದ್ದು. ಆ ಗುಳಿಗೆಯಲ್ಲಿ ಅದು ಇಲ್ಲ. ಗುಳಿಗೆಯ ಪುಸ್ತಕ ಭರ್ತಿಯಾಗಿದ್ದರೂ ತಾಯಿಯ ಮೈಯಲ್ಲಿ ಕೊರತೆ ಉಳಿಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ತಿಂದುದೆಲ್ಲ ಮೈಗೆ ಹತ್ತುವುದೂ ಇಲ್ಲ. ಊಟದೊಡನೆ ಕುಡಿದ ಕಾಫಿ ಟೀಗಳು ಕಬ್ಬಿಣವನ್ನು ತಡೆಯುತ್ತವೆ. ನಿಂಬೆಯ ಹುಳಿ ಅದಕ್ಕೆ ಸಹಾಯಕ. ಈರುಳ್ಳಿ ಬೆಳ್ಳುಳ್ಳಿಗಳು ಸೇರಿದರೆ ಧಾನ್ಯ ಬೇಳೆಗಳ ಕಬ್ಬಿಣ ಮತ್ತು ಸತುವು ಹೆಚ್ಚು ದಕ್ಕುವಂತಾಗುವುದೆಂದು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಕಂಡು 2010ರಲ್ಲಿ ಪ್ರಕಟಿಸಿದ್ದಾರೆ. ಅಳತೆಗೋಲು ಕೂಡ ಸ್ಥಿರವಲ್ಲ: ವಯಸ್ಕರಿಗೆ ದಿನಕ್ಕೆ 600 ಮಿಲಿಗ್ರಾಂ ಎಂದು 2010ರಲ್ಲಿ ಹೇಳಿದ್ದ ಸುಣ್ಣದ ಅಂಶವನ್ನು 2020ರಲ್ಲಿ 1000 ಮಿಲಿಗ್ರಾಂಗೆ ಏರಿಸಲಾಯಿತು. ಆದುದರಿಂದ ‘ನೂರಕ್ಕೆ ಇಷ್ಟು ಮಂದಿಗೆ ಕೊರತೆ’ ಎಂದು ಎಲ್ಲಿಯಾದರೂ ಓದಿದಾಗ, ಯಾವ ಅಳತೆಗೋಲಿನಿಂದ ಎಂದು ಕೇಳುವುದು ವಿವೇಕ.

ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಅಳತೆಗಾರರು ನಿಮ್ಮ ಬಾಗಿಲಿಗೆ ಬಂದರೆ ಮನೆಯ ಮರ್ಯಾದೆಗಾಗಿ ಹಾಲು ತುಪ್ಪಗಳನ್ನು ಹೆಚ್ಚಿಸಿ ಹೇಳಬೇಡಿರಿ. ನುಂಗದ ಗುಳಿಗೆಯನ್ನು ನುಂಗಿದೆವೆನ್ನಬೇಡಿರಿ. ಮನೆಯಾಕೆಯ ಊಟದ ಪ್ರಶ್ನೆಗೆ ಆಕೆಯೇ ಉತ್ತರಿಸಲಿ. ಅವರು ಬರುವವರೆಗೆ ಕಾಯಬೇಕಾದುದೂ ಇಲ್ಲ. ಆಯವ್ಯಯದ ಪುಸ್ತಕದಲ್ಲಿಯೇ ಒಂದು ಪುಟವನ್ನು ಬಿಟ್ಟು, ಒಂದು ವಾರದಲ್ಲಿ ಮೂರು ದಿನ, ಯಾರು ಏನು ಉಂಡರೆಂದು ಹೆಸರು ಹೆಸರಾಗಿ ಬರೆದು ನೋಡಿರಿ. ಯಾರ ಹೆಸರಿನ ಮುಂದೆ ಹಾಲು ಮೊಸರುಗಳು ಬರಲೇ ಇಲ್ಲವೋ ಅವರಿಗೆ ನಾಳೆ ಮೊದಲು ಬಡಿಸಿರಿ.